ಹಿರಿಯರ ನಲಿವಿಗೂ ಒಂದು ಲೆಕ್ಕವಿರಲಿ

(ಅಂತರರಾಷ್ಟ್ರೀಯ ಹಿರಿಯ ನಾಗರಿಕರ ದಿನದ ನಿಮಿತ್ತ ಮುಂಬಯಿ ಉಪನಗರದಲ್ಲಿ ಸೇರಿದ್ದ ಕನ್ನಡ ಜೈನ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಿರಿಯರ ದಿನದಂದು ಲೆಕ್ಕಪರಿಶೋಧನೆಯ ವೃತ್ತಿಯವರನ್ನು ಮಾತಿಗೆ ಕರೆದರೆ ಉಯಿಲು, ಬ್ಯಾಂಕಿನ ಠೇವಣಿ, ಆದಾಯ ತೆರಿಗೆಯ ವಿನಾಯಿತಿ ಮುಂತಾದ ವಿಷಯಗಳನ್ನು ಸಭಿಕರು ನಿರೀಕ್ಷಿಸುವುದು ಸಹಜ. ನಾನೂ ಇಂದು ಲೆಕ್ಕದ ವಿಷಯವನ್ನೇ ಎತ್ತಿಕೊಂಡಿದ್ದೇನೆ. ನಮ್ಮ ಮನೆಗಳಲ್ಲಿರುವ ಅರವತ್ತು ದಾಟಿದವರು ಕಳೆದ ಒಂದು ತಿಂಗಳಿನಲ್ಲಿ ತಮಗೆ ಇಷ್ಟವಾದ ಕೆಲಸಗಳನ್ನು ಎಷ್ಟು ಬಾರಿ ಮಾಡಿದರು, ಮಾಡಬೇಕೆಂದು ಬಯಸಿಯೂ ಮಾಡಲಾಗದೆ ಉಳಿದವು ಎಷ್ಟು, ಎಂಬುದೇ ಆ ಲೆಕ್ಕ. ಈ ಲೆಕ್ಕವನ್ನು ನಮ್ಮ ಸಮಾಜ ಇದುವರೆಗೆ ಬರೆದಿಟ್ಟಿಲ್ಲ. ಬರೆದಿಡುವುದು ಸಾಧ್ಯ ಮತ್ತು ಅದು ನಮ್ಮ ಧರ್ಮಕ್ಕೆ ಅನುಗುಣವಾದದ್ದು ಎಂಬುದು ನನ್ನ ಪ್ರತಿಪಾದನೆ.

ಮೊದಲು, ನಾವು ಈಗ ಯಾವುದನ್ನು ಎಣಿಸುತ್ತಿದ್ದೇವೆ ಎಂಬುದನ್ನು ನೋಡೋಣ. ಸಮಾಜದ ಸಂಸ್ಥೆಗಳ ವಾರ್ಷಿಕ ವರದಿಗಳನ್ನು ತೆರೆದರೆ ಕಣ್ಣಿನ ಶಿಬಿರಗಳ ಸಂಖ್ಯೆ, ಹಂಚಿದ ಕಂಬಳಿಗಳ ಸಂಖ್ಯೆ, ವೃದ್ಧಾಶ್ರಮದ ಹಾಸಿಗೆಗಳ ಸಂಖ್ಯೆ ಸಿಗುತ್ತವೆ. ಇವೆಲ್ಲ ನಾವು ಕೊಟ್ಟದ್ದರ ಪಟ್ಟಿ. ಕೊಟ್ಟ ಮೇಲೆ ಪಡೆದವರ ದಿನ ಹೇಗೆ ಕಳೆಯುತ್ತಿದೆ ಎಂಬ ಪುಟ ಆ ವರದಿಗಳಲ್ಲಿ ಇರುವುದಿಲ್ಲ. ಮಹಾರಾಷ್ಟ್ರ ಸಾರ್ವಜನಿಕ ನ್ಯಾಸ ಕಾಯಿದೆ, 1950ರ ಅನ್ವಯ ಪ್ರತಿ ಟ್ರಸ್ಟ್ ಸಲ್ಲಿಸಬೇಕಾದ ಆದಾಯ-ವೆಚ್ಚದ ಪಟ್ಟಿಯಲ್ಲಿ ಟ್ರಸ್ಟಿನ ಉದ್ದೇಶಗಳಿಗಾಗಿ ಮಾಡಿದ ಖರ್ಚನ್ನು ಧಾರ್ಮಿಕ, ಶೈಕ್ಷಣಿಕ, ವೈದ್ಯಕೀಯ ನೆರವು, ಬಡತನ ನಿವಾರಣೆ ಎಂದು ವಿಂಗಡಿಸಿ, ಕೊನೆಗೆ ‘ಇತರ ಧರ್ಮಾರ್ಥ ಉದ್ದೇಶಗಳು’ ಎಂಬ ಶೀರ್ಷಿಕೆಯನ್ನು ಇಡಲಾಗಿದೆ. ಹಿರಿಯರ ಓದು, ಹರಟೆ, ಹಾಡು, ಯಾತ್ರೆಗಳಿಗೆ ಏನಾದರೂ ಖರ್ಚಾಗಿದ್ದರೆ ಅದು ಆ ಕೊನೆಯ ಸಾಲಿನಲ್ಲಿ ಸೇರಿ ಮರೆಯಾಗುತ್ತದೆ. ಖರ್ಚೇ ಆಗದಿದ್ದರೆ ಕೇಳುವವರೂ ಇಲ್ಲ.

ಕಾನೂನು ಈ ವಿಷಯದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದಿದೆ ಎಂದು ಹೇಳಿದರೆ ಕೆಲವರಿಗೆ ಆಶ್ಚರ್ಯವಾದೀತು. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ, 2007 ಎಂದೊಡನೆ ಎಲ್ಲರಿಗೂ ನೆನಪಾಗುವುದು ಮಕ್ಕಳು ಕೊಡಬೇಕಾದ ಜೀವನಾಂಶ ಮತ್ತು ಆಸ್ತಿಯ ವ್ಯಾಜ್ಯ. ಆದರೆ ಅದೇ ಕಾಯಿದೆ ‘ಕಲ್ಯಾಣ’ ಎಂಬ ಪದವನ್ನು ನಿರೂಪಿಸುವಾಗ ಆಹಾರ ಮತ್ತು ಆರೋಗ್ಯದ ಜೊತೆಗೆ ಮನರಂಜನಾ ಕೇಂದ್ರಗಳನ್ನೂ ಹೆಸರಿಸುತ್ತದೆ. 2013ರ ಕಂಪನಿ ಕಾಯಿದೆಯ ಏಳನೆಯ ಅನುಸೂಚಿಯೂ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನು ವೃದ್ಧಾಶ್ರಮಗಳಿಗೆ ಮಾತ್ರವಲ್ಲದೆ ಹಿರಿಯರ ಹಗಲು ಕೇಂದ್ರಗಳಿಗೂ ಬಳಸಬಹುದು ಎಂದು ಹೇಳುತ್ತದೆ. ಅಂದರೆ ಹಿರಿಯರ ನಲಿವು ಕಾನೂನಿನ ದೃಷ್ಟಿಯಲ್ಲಿ ವಿಲಾಸವಲ್ಲ, ಕಲ್ಯಾಣದ ಒಂದು ಅಂಗ.

ಈ ವಿಷಯ ನಮಗೆ ಇನ್ನೂ ತುರ್ತಿನದಾಗಲು ಕಾರಣವಿದೆ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಮತ್ತು ದೇವನಾರಿನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಸೇರಿ 2023ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಭಾರತದ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ಶೇ. 10.5ರಷ್ಟಿದ್ದರು; 2050ರ ವೇಳೆಗೆ ಅವರು ಶೇ. 20.8ಕ್ಕೆ ಏರುವರು. ಇದು ಇಡೀ ದೇಶದ ಸರಾಸರಿ. 2011ರ ಜನಗಣತಿಯಲ್ಲಿ ದೇಶದ ಜೈನರು ಸುಮಾರು 44.5 ಲಕ್ಷ, ಅವರಲ್ಲಿ 14 ಲಕ್ಷ ಮಹಾರಾಷ್ಟ್ರದಲ್ಲಿ, 4.4 ಲಕ್ಷ ಕರ್ನಾಟಕದಲ್ಲಿ. ಒಬ್ಬ ಮಹಿಳೆಗೆ ಸರಾಸರಿ ಎಷ್ಟು ಮಕ್ಕಳು ಎಂಬ ಪ್ರಮಾಣ ಜೈನರಲ್ಲಿ 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1.2, 2019-21ರ ಸಮೀಕ್ಷೆಯಲ್ಲಿ 1.6. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. ಮಕ್ಕಳು ಕಡಿಮೆಯಾದ ಸಮಾಜದಲ್ಲಿ ಹಿರಿಯರ ಪಾಲು ಬೇಗ ಬೆಳೆಯುತ್ತದೆ. ಅವರ ಜೊತೆ ಕುಳಿತುಕೊಳ್ಳಬೇಕಾದವರ ಸಂಖ್ಯೆ ಅಷ್ಟೇ ಬೇಗ ಕುಗ್ಗುತ್ತದೆ. ಇರುವ ಒಬ್ಬ ಮಗನೋ ಮಗಳೋ ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ಇದ್ದರಂತೂ ಹೇಳುವುದೇ ಬೇಡ.

ಇನ್ನು ಅಳತೆಯ ವಿಷಯ. ನಲಿವನ್ನು ಅಳೆಯಲು ಸಾಧ್ಯವೇ ಎಂದು ಕೇಳಬಹುದು. ಐವತ್ತು ವರ್ಷಗಳಿಂದ ಮನೋವಿಜ್ಞಾನಿಗಳು ಅದನ್ನು ಮಾಡುತ್ತ ಬಂದಿದ್ದಾರೆ. 1970ರ ದಶಕದಲ್ಲಿ ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಲೆವಿನ್ಸನ್ ಮತ್ತು ಮ್ಯಾಕ್‌ಫಿಲಮಿ ಎಂಬವರು 320 ಇಷ್ಟದ ಚಟುವಟಿಕೆಗಳ ಪಟ್ಟಿಯೊಂದನ್ನು ರೂಪಿಸಿದರು. ಮನಸ್ಸು ಕುಗ್ಗಿದವರು ತಮಗೆ ಪ್ರಿಯವಾದ ಕೆಲಸಗಳಿಂದ ದೂರ ಸರಿಯುತ್ತಾರೆ, ದೂರ ಸರಿದಷ್ಟೂ ಮನಸ್ಸು ಮತ್ತಷ್ಟು ಕುಗ್ಗುತ್ತದೆ, ಆದ್ದರಿಂದ ಈ ಸುಳಿಯನ್ನು ಚಟುವಟಿಕೆಯ ಕಡೆಯಿಂದ ಬಿಡಿಸಬೇಕು ಎಂಬುದು ಲೆವಿನ್ಸನ್ ಅವರ ಸಿದ್ಧಾಂತ. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಡೊಲೊರೆಸ್ ಗ್ಯಾಲಗರ್-ಥಾಂಪ್ಸನ್, ಲ್ಯಾರಿ ಥಾಂಪ್ಸನ್ ಮತ್ತು ಅವರ ಸಹೋದ್ಯೋಗಿಗಳು ವೃದ್ಧರಿಗೆಂದೇ 66 ಚಟುವಟಿಕೆಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಜನರೊಡನೆ ಬೆರೆಯುವುದು, ವಿಶ್ರಮಿಸುವುದು, ಚಿಂತನೆ ಮಾಡುವುದು, ತಾನು ಉಪಯುಕ್ತನೆಂಬ ಅರಿವು ಕೊಡುವ ಕೆಲಸ, ಕೈಯಾರೆ ಏನಾದರೂ ಮಾಡುವುದು ಎಂದು ಅವನ್ನು ಐದು ವರ್ಗಗಳಾಗಿ ವಿಂಗಡಿಸಲಾಗಿದೆ.

ಈ ಪಟ್ಟಿಯ ಜಾಣತನ ಅದರ ಎರಡು ಅಂಕಣಗಳಲ್ಲಿದೆ. ಪ್ರತಿ ಚಟುವಟಿಕೆಗೂ ಎರಡು ಪ್ರಶ್ನೆ. ಕಳೆದ ತಿಂಗಳು ಇದನ್ನು ಎಷ್ಟು ಬಾರಿ ಮಾಡಿದಿರಿ? ಮಾಡಿದಾಗ ಎಷ್ಟು ಸಂತೋಷವಾಯಿತು, ಅಥವಾ ಮಾಡಿದ್ದರೆ ಎಷ್ಟು ಸಂತೋಷವಾಗುತ್ತಿತ್ತು? ಎರಡಕ್ಕೂ ಸೊನ್ನೆ, ಒಂದು, ಎರಡು ಎಂಬ ಅಂಕಗಳು. ಮೊದಲ ಅಂಕಣದಲ್ಲಿ ಸೊನ್ನೆ, ಎರಡನೆಯದರಲ್ಲಿ ಎರಡು ಬಂದ ಸಾಲನ್ನು ನಾನು ನನ್ನ ವೃತ್ತಿಯ ಭಾಷೆಯಲ್ಲಿ ‘ಬಾಕಿ’ ಎಂದು ಕರೆಯುತ್ತೇನೆ. ಅದು ಆ ಹಿರಿಯರಿಗೆ ಸಲ್ಲಬೇಕಾಗಿದ್ದು ಸಲ್ಲದೆ ಉಳಿದದ್ದು.

ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ಕಾರ್ಕಳದ ಕಡೆಯಿಂದ ಬಂದು ಬೊರಿವಲಿಯ ಹದಿನಾಲ್ಕನೆಯ ಮಹಡಿಯಲ್ಲಿ ಮಗನೊಂದಿಗೆ ನೆಲೆಸಿದ ಅಜ್ಜಿಯೊಬ್ಬರನ್ನು ಕಲ್ಪಿಸಿಕೊಳ್ಳಿ. ದಿನವೂ ನಾಲ್ಕು ತಾಸು ದೂರದರ್ಶನ ನೋಡುತ್ತಾರೆ, ಸಂತೋಷ ಸೊನ್ನೆ. ಮೊಮ್ಮಗಳಿಗೆ ಣಮೋಕಾರ ಮಂತ್ರ ಕಲಿಸುವುದು, ಕತೆ ಹೇಳುವುದು ಪರಮಪ್ರಿಯ. ಆದರೆ ಮಗುವಿಗೆ ಶಾಲೆ, ಟ್ಯೂಷನ್, ಈಜು ಮುಗಿಯುವಷ್ಟರಲ್ಲಿ ರಾತ್ರಿ. ತಮ್ಮ ಮಾತೃಭಾಷೆಯಲ್ಲಿ ನೆರೆಯವರೊಡನೆ ಮಾತನಾಡುವುದು ಇಷ್ಟ. ಮಹಡಿಯಲ್ಲಿ ಆ ಭಾಷೆ ಬಲ್ಲವರಿಲ್ಲ. ಕೊತ್ತಂಬರಿ ಸೋಸುವುದು, ಹಪ್ಪಳ ಒತ್ತುವುದು ಇಷ್ಟ. ‘ನೀವು ಸುಮ್ಮನೆ ಕೂತ್ಕೊಳ್ಳಿ ಅಮ್ಮ’ ಎಂದು ಸೊಸೆ ಗೌರವದಿಂದಲೇ ತಡೆಯುತ್ತಾಳೆ. ಹೊರಗಿನಿಂದ ನೋಡಿದರೆ ಊಟ, ಔಷಧ, ತಂಪು ಕೋಣೆ ಎಲ್ಲವೂ ಇದೆ. ಎಷ್ಟು ಬಾರಿ ಎಂಬ ಒಂದೇ ಪ್ರಶ್ನೆ ಕೇಳಿದರೆ ಅವರು ‘ಚಟುವಟಿಕೆಯಿಂದ ಇದ್ದಾರೆ’ ಎಂದೇ ದಾಖಲಾದೀತು. ಎರಡನೆಯ ಅಂಕಣ ಬಂದಾಗ ಮಾತ್ರ ಆ ಮನೆಯ ಬಾಕಿ ಕಾಣಿಸುತ್ತದೆ. ಅದರಲ್ಲಿ ಹಣದಿಂದ ತೀರುವಂಥದ್ದು ಯಾವುದೂ ಇಲ್ಲ ಎಂಬುದನ್ನೂ ಗಮನಿಸಬೇಕು.

ನಮ್ಮ ದೇಶದಲ್ಲಿಯೂ ದೊಡ್ಡ ಪ್ರಯತ್ನ ನಡೆದಿದೆ, ಅದೂ ಇದೇ ಮುಂಬಯಿಯಿಂದ. ಆಗ ಹೆಸರಿಸಿದ ದೇವನಾರಿನ ಸಂಸ್ಥೆ 2017-18ರಲ್ಲಿ ವೃದ್ಧಾಪ್ಯದ ದೀರ್ಘಾವಧಿ ಅಧ್ಯಯನದ ಮೊದಲ ಸುತ್ತನ್ನು ನಡೆಸಿತು. ‘ಲಾಸಿ’ ಎಂದು ಕರೆಯಲಾಗುವ ಆ ಅಧ್ಯಯನದಲ್ಲಿ 45 ವರ್ಷ ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72,250 ಜನರನ್ನು ಸಂದರ್ಶಿಸಲಾಯಿತು. ವರದಿ 2021ರ ಜನವರಿಯಲ್ಲಿ ಬಿಡುಗಡೆಯಾಯಿತು. ಉದ್ಯಾನಕ್ಕೆ ಹೋಗುವುದು, ಇಸ್ಪೀಟು ಆಡುವುದು, ಬಂಧುಮಿತ್ರರ ಭೇಟಿ, ಭಜನೆ-ಸತ್ಸಂಗ, ಪತ್ರಿಕೆಯ ಓದು ಇವೆಲ್ಲ ಎಷ್ಟು ಬಾರಿ ನಡೆಯುತ್ತವೆ ಎಂಬ ಪ್ರಶ್ನೆಗಳು ಅದರಲ್ಲಿವೆ. ಬದುಕಿನ ತೃಪ್ತಿಯನ್ನೂ ಖಿನ್ನತೆಯ ಲಕ್ಷಣಗಳನ್ನೂ ಬೇರೆಯಾಗಿ ಕೇಳಲಾಗಿದೆ. ಆದರೆ ರಾಷ್ಟ್ರೀಯ ಸಮೀಕ್ಷೆ ಸರ್ಕಾರದ ನೀತಿಗೆ ಆಧಾರ. ನಮ್ಮ ಕಟ್ಟಡದ ನಾಲ್ಕನೆಯ ಮಹಡಿಯ ಅಜ್ಜನಿಗೆ ಯಾವುದು ಬಾಕಿ ಎಂಬುದನ್ನು ಅದು ತಿಳಿಸಲಾರದು. ಆ ಕೆಲಸ ನಮ್ಮದು.

ಇಲ್ಲಿ ಒಂದು ಗಂಭೀರ ಆಕ್ಷೇಪ ಬರುತ್ತದೆ. ಅದನ್ನು ಹಿರಿಯ ಶ್ರಾವಕರೊಬ್ಬರು ನನ್ನ ಮುಂದೆಯೇ ಎತ್ತಿದ್ದಾರೆ. ಜೈನನಾದವನು ವಯಸ್ಸಾದಂತೆ ಭೋಗವನ್ನು ಕಡಿಮೆ ಮಾಡಿಕೊಳ್ಳಬೇಕು. ನೀವು ಮುದುಕರ ಸಂತೋಷದ ಅಂಕಗಳನ್ನು ಹೆಚ್ಚಿಸುವ ಮಾತನಾಡುತ್ತೀರಲ್ಲ ಎಂದು. ಇದಕ್ಕೆ ಶಾಸ್ತ್ರದಿಂದಲೇ ಉತ್ತರ ಕೊಡಬಹುದು.

ಮೊದಲನೆಯದಾಗಿ, ಅಳತೆ ನಮಗೆ ಹೊಸದಲ್ಲ. ಶ್ರಾವಕರ ಹನ್ನೆರಡು ವ್ರತಗಳಲ್ಲಿ ಒಂದಾದ ಭೋಗೋಪಭೋಗ ಪರಿಮಾಣದ ಹೆಸರಿನಲ್ಲಿಯೇ ಪರಿಮಾಣವಿದೆ. ಅದನ್ನು ಕೈಗೊಳ್ಳುವವನು ತಾನು ಏನನ್ನು ಎಷ್ಟು ಬಳಸುತ್ತೇನೆಂದು ತಾನೇ ಎಣಿಸಿ, ತಾನೇ ಮಿತಿ ಹಾಕಿಕೊಳ್ಳುತ್ತಾನೆ. ಆ ಮಿತಿಯನ್ನು ಬೇರೆಯವರು ಹೇರಿದರೆ ಅದು ವ್ರತವಾಗದು. ಮನೆಯವರ ಸಮಯಾಭಾವದಿಂದ ಹಿರಿಯರು ಕಳೆದುಕೊಂಡದ್ದನ್ನು ತ್ಯಾಗವೆಂದು ಕರೆಯುವ ಹಕ್ಕು ನಮಗಿಲ್ಲ.

ಎರಡನೆಯದಾಗಿ, ದುಃಖದಲ್ಲಿ ಮುಳುಗಿರುವ ಮನಸ್ಸನ್ನು ನಮ್ಮ ಆಚಾರ್ಯರು ಎಂದೂ ಧರ್ಮವೆಂದು ಹೊಗಳಿಲ್ಲ. ಆರ್ತ, ರೌದ್ರ, ಧರ್ಮ, ಶುಕ್ಲ ಎಂಬ ನಾಲ್ಕು ಧ್ಯಾನಗಳಲ್ಲಿ ಆರ್ತಧ್ಯಾನವು ತ್ಯಾಜ್ಯ. ಅದರ ಭೇದಗಳನ್ನು ನೋಡಿ: ಇಷ್ಟವಾದುದರ ವಿಯೋಗ, ಅನಿಷ್ಟದ ಸಂಯೋಗ, ವೇದನೆ, ನಿದಾನ. ಮೊದಲ ಮೂರು ಭೇದಗಳು ಮಹಾನಗರದ ವೃದ್ಧಾಪ್ಯದ ವರ್ಣನೆಯಂತೆಯೇ ಇವೆ. ಸಂಗಾತಿಯನ್ನೂ ಊರನ್ನೂ ಅಗಲಿ, ಒಗ್ಗದ ವಾತಾವರಣದಲ್ಲಿ, ಮೊಣಕಾಲಿನ ನೋವಿನೊಂದಿಗೆ ದಿನವಿಡೀ ಅದನ್ನೇ ನೆನೆಯುತ್ತ ಕೂರುವ ಸ್ಥಿತಿ. ಅದರಿಂದ ಒಬ್ಬರನ್ನು ಹೊರತರುವುದು ಭೋಗಕ್ಕೆ ಎಳೆದಂತಾಗದು. ಸ್ವಾಧ್ಯಾಯ, ಗುಣಿಗಳನ್ನು ಕಂಡು ಹರ್ಷಿಸುವ ಪ್ರಮೋದ ಭಾವನೆ, ಪರಸ್ಪರ ಉಪಕಾರ ಇವೆಲ್ಲ ನಮ್ಮ ಪಟ್ಟಿಯಲ್ಲಿ ಮೊದಲ ಸಾಲುಗಳಾಗಿ ಇರಲಿ.

ಮೂರನೆಯದು ಇನ್ನೂ ಸೂಕ್ಷ್ಮ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮಾನವೆಂದು ತೀರ್ಪು ನೀಡಿದಾಗ ನಾವೆಲ್ಲ ಬೀದಿಗಿಳಿದೆವು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ನಮ್ಮ ವಾದದ ತಿರುಳು ಯಾವುದು? ಕನ್ನಡ ನಾಡಿನವರೇ ಆದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದಂತೆ, ರಾಗ, ದ್ವೇಷ, ಮೋಹಗಳಿಂದ ಪ್ರೇರಿತನಾಗಿ ಪ್ರಾಣ ಬಿಡುವವನು ಆತ್ಮಘಾತಿ. ಸಲ್ಲೇಖನ ಕೈಗೊಂಡವನಲ್ಲಿ ಅವು ಇರುವುದಿಲ್ಲ ಎಂಬುದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳು ಸ್ಮರಿಸುವುದು ಅಂಥ ಸಮಚಿತ್ತದ ಮರಣವನ್ನು. ಹಾಗಿರುವಾಗ, ಈ ವಾದವನ್ನು ಲೋಕದ ಮುಂದಿಟ್ಟ ಸಮಾಜಕ್ಕೆ ಒಂದು ಹೊಣೆಯಿದೆ. ಮನೆಯ ಮೂಲೆಯಲ್ಲಿ ಕುಳಿತ ಹಿರಿಯರೊಬ್ಬರು ‘ಸಾಕಾಯಿತು, ಇನ್ನೇನೂ ಬೇಡ’ ಎಂದಾಗ ಅದು ವೈರಾಗ್ಯವೋ ಬೇಸರವೋ ಎಂದು ಯಾರು ಕೇಳಿ ತಿಳಿದಿದ್ದಾರೆ? ವೈರಾಗ್ಯಕ್ಕೆ ನಮಿಸೋಣ. ಬೇಸರಕ್ಕೆ ಔಷಧವೂ ಸಾಂಗತ್ಯವೂ ಬೇಕು. ಎರಡನ್ನೂ ಒಂದೇ ಎಂದು ಭಾವಿಸಿ ಕೈಮುಗಿದು ಹೋದರೆ ನ್ಯಾಯಾಲಯದಲ್ಲಿ ನಾವು ಹೂಡಿದ ವಾದಕ್ಕೆ ನಾವೇ ಅಪಚಾರ ಮಾಡಿದಂತೆ.

ಈಗ ಮುಂಬಯಿಯ ಜೈನ ಮನೆಯ ಒಂದು ವಿಶೇಷ ಬಾಕಿಯನ್ನು ಹೇಳಬೇಕು. ಸೂರ್ಯಾಸ್ತದ ಮುನ್ನ ಊಟ ಎಂಬ ನಿಯಮವನ್ನು ಹಿರಿಯರು ಪಾಲಿಸುತ್ತಾರೆ. ಚಳಿಗಾಲದಲ್ಲಿ ಈ ನಗರದಲ್ಲಿ ಆರು ಗಂಟೆಯ ಆಸುಪಾಸಿನಲ್ಲೇ ಸೂರ್ಯ ಮುಳುಗುತ್ತಾನೆ. ಮಗ, ಸೊಸೆ ಚರ್ಚ್‌ಗೇಟಿನಿಂದಲೋ ಅಂಧೇರಿಯಿಂದಲೋ ಲೋಕಲ್ ಹಿಡಿದು ಮನೆ ಸೇರುವುದು ಎಂಟೂವರೆ, ಒಂಬತ್ತಕ್ಕೆ. ಹೀಗಾಗಿ ವ್ರತ ಪಾಲಿಸುವ ಹಿರಿಯರು ವಾರದ ಐದಾರು ದಿನ ಒಬ್ಬರೇ ಉಣ್ಣುತ್ತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಪರಿಹಾರವೂ ಕಷ್ಟದ್ದಲ್ಲ. ಒಂದೇ ವಸತಿ ಸಂಕೀರ್ಣದ, ಒಂದೇ ಬೀದಿಯ ಹಿರಿಯರು ಐದೂವರೆಗೆ ತಂತಮ್ಮ ಡಬ್ಬಿಗಳೊಂದಿಗೆ ಒಂದೆಡೆ ಸೇರಿದರೆ ಸಾಕು. ವಾರಕ್ಕೆ ಎರಡು ದಿನ ಸಾಕು. ಬಸದಿಯ ಸಭಾಭವನಗಳು ಮದುವೆಯಿಲ್ಲದ ದಿನಗಳಲ್ಲಿ ಆ ಹೊತ್ತಿಗೆ ಬೀಗ ಹಾಕಿಯೇ ಇರುತ್ತವೆ.

ಎಲ್ಲ ಬಾಕಿಯೂ ಮನೆಯೊಳಗಿನದಲ್ಲ, ಸರ್ಕಾರದ್ದೂ ಇದೆ. ತೀರ್ಥಯಾತ್ರೆ ನಮ್ಮ ಹಿರಿಯರ ಪಟ್ಟಿಯಲ್ಲಿ ಯಾವಾಗಲೂ ಮೇಲಿನ ಸಾಲು. ರೈಲಿನಲ್ಲಿ ಅರವತ್ತು ದಾಟಿದ ಪುರುಷರಿಗೆ ಶೇ. 40, ಐವತ್ತೆಂಟು ದಾಟಿದ ಮಹಿಳೆಯರಿಗೆ ಶೇ. 50 ಇದ್ದ ಪ್ರಯಾಣ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ನಿಲ್ಲಿಸಲಾಯಿತು. ಕೋವಿಡ್ ಹೋದ ಮೇಲೂ ರಿಯಾಯಿತಿ ಮರಳಲಿಲ್ಲ. ಮಹಾರಾಷ್ಟ್ರ ಸರ್ಕಾರ 2022ರ ಆಗಸ್ಟ್‌ನಿಂದ ರಾಜ್ಯ ಸಾರಿಗೆ ಬಸ್ಸುಗಳಲ್ಲಿ 75 ದಾಟಿದವರಿಗೆ ಉಚಿತ ಪ್ರಯಾಣವನ್ನು ಕೊಟ್ಟಿತು, ಅದು ಸ್ವಾಗತಾರ್ಹ. ಆದರೆ ಮೂಡುಬಿದಿರೆಗೂ ಸಮ್ಮೇದ ಶಿಖರ್ಜಿಗೂ ಇಲ್ಲಿಂದ ಹೋಗುವ ಮುದುಕರಿಗೆ ರೈಲೇ ಗತಿ. ಮತ ಕೇಳಲು ಬರುವ ಎಲ್ಲ ಪಕ್ಷದವರ ಮುಂದೆಯೂ ಈ ಪ್ರಶ್ನೆಯನ್ನು ನಾವು ಇಡಬೇಕು. ಬಜೆಟ್ಟಿನಲ್ಲಿ ಉಳಿತಾಯವೆಂದು ತೋರಿದ್ದು ಲಕ್ಷಾಂತರ ಹಿರಿಯರ ಪಟ್ಟಿಯಲ್ಲಿ ಸೊನ್ನೆಯಾಗಿ ಕುಳಿತಿದೆ.

ಇನ್ನು ನನ್ನ ಸಲಹೆಗಳು.

ಒಂದು: ಹಿರಿಯರನ್ನೇ ಕೂಡಿಸಿಕೊಂಡು ನಮ್ಮದೇ ಪಟ್ಟಿ ಸಿದ್ಧಪಡಿಸೋಣ. ಅಮೆರಿಕದ ಪಟ್ಟಿಯ ಅನುವಾದ ಸಾಲದು. ಅಭಿಷೇಕ ನೋಡುವುದು, ಶಾಸ್ತ್ರ ಓದಿಸಿ ಕೇಳುವುದು, ಊರಿಗೆ ಫೋನ್ ಮಾಡುವುದು, ಕನ್ನಡ ಪತ್ರಿಕೆ ಓದುವುದು, ಮಾಟುಂಗದ ಕರ್ನಾಟಕ ಸಂಘದಲ್ಲೋ ಮೈಸೂರು ಅಸೋಸಿಯೇಶನ್ನಿನಲ್ಲೋ ನಾಟಕ ನೋಡುವುದು, ತರಕಾರಿ ಚೌಕಾಸಿ ಮಾಡುವುದು ಇವೆಲ್ಲ ಅದರಲ್ಲಿ ಬರಲಿ. ನಲವತ್ತು ಸಾಲು, ಎರಡು ಅಂಕಣ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ.

ಎರಡು: ವರ್ಷಕ್ಕೆ ಎರಡು ಬಾರಿ, ದಶಲಕ್ಷಣ ಪರ್ವದ ಮುನ್ನ ಮತ್ತು ಮಹಾವೀರ ಜಯಂತಿಯ ನಂತರ, ಈ ಪ್ರಶ್ನೆಗಳನ್ನು ಕೇಳೋಣ. ಕೇಳುವವರು ಮನೆಯವರಾಗಿರಬಾರದು, ಕೇಳುವಾಗ ಮನೆಯವರು ಎದುರಿಗೆ ಇರಬಾರದು. ಸೊಸೆಯ ಮುಂದೆ ಅತ್ತೆಯೂ ಮಗನ ಮುಂದೆ ತಂದೆಯೂ ‘ಎಲ್ಲ ಚೆನ್ನಾಗಿದೆ’ ಎಂದೇ ಹೇಳುತ್ತಾರೆ. ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆಯ ಐದು ವಾಕ್ಯಗಳ ಯೋಗಕ್ಷೇಮ ಸೂಚಿಯನ್ನು ಬಳಸಬಹುದು. ಕಳೆದ ಎರಡು ವಾರ ಮನಸ್ಸು ಹಗುರವಾಗಿತ್ತೇ, ಶಾಂತವಾಗಿತ್ತೇ, ಮೈಯಲ್ಲಿ ಚೈತನ್ಯವಿತ್ತೇ, ಬೆಳಿಗ್ಗೆ ಎದ್ದಾಗ ಆಯಾಸ ಕಳೆದಿತ್ತೇ, ದಿನದಲ್ಲಿ ಆಸಕ್ತಿಯ ಸಂಗತಿಗಳಿದ್ದವೇ ಎಂದು ಕೇಳಿ, ಪ್ರತಿಯೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ ಕೊಡಿಸಿ, ಮೊತ್ತವನ್ನು ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಎಂಬುದು ದೊರೆಯುತ್ತದೆ. ಐವತ್ತು ಅಥವಾ ಅದಕ್ಕಿಂತ ಕಡಿಮೆ ಬಂದವರನ್ನು ವೈದ್ಯರ ಬಳಿ ಕರೆದೊಯ್ಯಬೇಕು. ಈ ಅಂಕವೇ ರೋಗನಿರ್ಣಯವಲ್ಲ, ಎಚ್ಚರಿಕೆಯ ಗಂಟೆ ಮಾತ್ರ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567, ಮಾನಸಿಕ ಆರೋಗ್ಯಕ್ಕಾಗಿ ಟೆಲಿ-ಮಾನಸ್ 14416; ಎರಡನ್ನೂ ಬಸದಿಯ ಸೂಚನಾ ಫಲಕದಲ್ಲಿ ಬರೆಸಿ.

ಮೂರು: ಗೋಪ್ಯತೆ ಕಾಪಾಡಬೇಕು. ಯಾರ ಮನೆಯ ಬಾಕಿ ಏನು ಎಂಬುದು ಸಮಿತಿಯ ಮುಂದೆ ಬರಬಾರದು. ಒಟ್ಟು ಸಂಖ್ಯೆ ಮಾತ್ರ ಬರಬೇಕು. ದಾನಿಗಳಿಗೆ ತೋರಿಸಲು ಅಂಕ ಏರಿಸುವ ಆಮಿಷಕ್ಕೂ ಒಳಗಾಗಬಾರದು. ತುಂಬಿದ ಸಭೆಗೆ ವ್ಯಾನಿನಲ್ಲಿ ತಂದು ಕೂರಿಸಿದ ಹಿರಿಯರನ್ನು ಎಣಿಸಿದರೆ ಮೊದಲ ಅಂಕಣ ತುಂಬೀತು, ಎರಡನೆಯದು ಖಾಲಿಯೇ ಉಳಿದೀತು.

ನಾಲ್ಕು: ಟ್ರಸ್ಟಿನ ಮುಂಗಡಪತ್ರದಲ್ಲಿ ಹಿರಿಯರ ಚಟುವಟಿಕೆಗೆ ಪ್ರತ್ಯೇಕ ಸಾಲು ಇರಲಿ. ಶಾಸನಬದ್ಧ ಪಟ್ಟಿಯಲ್ಲಿ ಅದು ‘ಇತರ’ದಲ್ಲಿ ಸೇರಿದರೂ ಟಿಪ್ಪಣಿಯಲ್ಲಿ ಬಿಡಿಸಿ ತೋರಿಸಲು ಯಾವ ಕಾನೂನಿನ ಅಡ್ಡಿಯೂ ಇಲ್ಲ. ಪ್ರಭಾವಳಿಗೆ ಬೆಳ್ಳಿ, ಮಹಾದ್ವಾರಕ್ಕೆ ಅಮೃತಶಿಲೆ ತರಿಸುವ ಮುನ್ನ, ಮೆಟ್ಟಿಲಿಗೆ ಹಿಡಿಕಂಬಿ ಹಾಕಿಸಿದ್ದೇವೆಯೇ ಎಂದು ಲೆಕ್ಕಪರಿಶೋಧಕರು ಕೇಳಲಿ. ಮೆಟ್ಟಿಲು ಏರಲಾರದೆ ದರ್ಶನ ತಪ್ಪಿಸಿಕೊಂಡವರ ಸಂಖ್ಯೆ ನಮ್ಮ ಪಟ್ಟಿಯಲ್ಲಿ ಖಂಡಿತ ಕಾಣಿಸುತ್ತದೆ.

ಐದು: ಈ ಕೆಲಸದ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅರವತ್ತು ದಾಟಿದವರೇ ಇರಲಿ, ಅವರಲ್ಲಿ ಅರ್ಧ ಮಹಿಳೆಯರಿರಲಿ. ತಾನು ಉಪಯುಕ್ತ ಎಂಬ ಅರಿವೇ ಆ 66 ಸಾಲುಗಳ ಒಂದು ವರ್ಗ ಎಂದೆನಲ್ಲ. ಪ್ರಶ್ನೆ ಕೇಳುವ, ಉತ್ತರ ಬರೆದುಕೊಳ್ಳುವ ಕೆಲಸವೇ ಹಲವರ ಬಾಕಿಯನ್ನು ತೀರಿಸೀತು.

ಬಂಧುಗಳೇ, ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೊದಲ ಎರಡನ್ನು ನಾವು ಹಿರಿಯರಿಗೆ ಧಾರಾಳವಾಗಿ ಕೊಡುತ್ತಿದ್ದೇವೆ. ಯಾರಿಗೂ ಬೇಡವಾಗಿ ಬಿಟ್ಟೆವೋ ಎಂಬ ಭಯದಿಂದ ಅವರನ್ನು ಬಿಡುಗಡೆ ಮಾಡುವುದೂ ಅಭಯದಾನವೇ. ಅದಕ್ಕೆ ಬೇಕಾಗುವುದು ಒಂದು ಹಾಳೆ, ಒಂದು ಪೆನ್ನು ಮತ್ತು ಉತ್ತರ ಮುಗಿಯುವವರೆಗೆ ಎದ್ದು ಹೋಗದ ಒಬ್ಬ ವ್ಯಕ್ತಿ. ಮುಂದಿನ ದಶಲಕ್ಷಣ ಪರ್ವದೊಳಗೆ ಮೊದಲ ಪಟ್ಟಿ ಸಿದ್ಧವಾಗಲಿ ಎಂದು ಈ ಸಭೆ ಇಂದೇ ನಿರ್ಣಯಿಸಬೇಕೆಂದು ವಿನಂತಿಸುತ್ತೇನೆ.